ಒಸಡಿನ ಗಂಟೋ, ದವಡೆಯೊಳಗಿನ ಗಂಟೋ: ಜೈಂಟ್ ಸೆಲ್ ಗ್ರಾನ್ಯುಲೋಮಾಗೆ ಯಾವ ಚಿಕಿತ್ಸೆ?

ನನ್ನ ಒಸಡಿನ ಗಂಟನ್ನು ಮೊದಲ ಸಲ ಕತ್ತರಿಸಿದ ಡಾಕ್ಟರು ಅದನ್ನು ಹತ್ತಿಯಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿದರು. ಐದೇ ತಿಂಗಳು. ಅದೇ ಜಾಗದಲ್ಲಿ ಮತ್ತೆ ಎದ್ದಿತು, ಈ ಸಲ ಸ್ವಲ್ಪ ದಪ್ಪಗೆ. ಎರಡನೇ ಸಲ ಬೇರೆಯವರ ಹತ್ತಿರ ಹೋದೆ, ಅವರು ಲ್ಯಾಬಿಗೆ ಕಳಿಸಿದರು. ರಿಪೋರ್ಟಿನಲ್ಲಿ ‘ಪೆರಿಫೆರಲ್ ಜೈಂಟ್ ಸೆಲ್ ಗ್ರಾನ್ಯುಲೋಮಾ’ ಅಂತ ಬಂತು. ಅದಾಗಿ ಎರಡು ವರ್ಷಕ್ಕೆ ಪಕ್ಕದ ಎಸ್ಟೇಟಿನ ರೈಟರ (ಲೆಕ್ಕ ಬರೆಯುವವರ) ಮಗಳಿಗೆ, 14 ವರ್ಷದ ಹುಡುಗಿಗೆ, ಗದ್ದ ಒಂದು ಕಡೆ ಊದಿಕೊಂಡಿತು. ಅವಳ ರಿಪೋರ್ಟಿನಲ್ಲೂ ಅದೇ ಹೆಸರು, ಮುಂದಿನ ಪದ ಮಾತ್ರ ಬೇರೆ: ‘ಸೆಂಟ್ರಲ್’. ಅವಳಪ್ಪ ನನ್ನ ಹತ್ತಿರ ಬಂದು, ‘ನಿಮಗೆ ಆಗಿದ್ದೇ ಅಲ್ವಾ, ಕತ್ತರಿಸಿದರೆ ಹೋಗುತ್ತಲ್ಲ?’ ಅಂತ ಕೇಳಿದರು. ನಾನೂ ಹೌದು ಅಂದುಬಿಟ್ಟಿದ್ದೆ. ಅದು ತಪ್ಪು ಅಂತ ಆಮೇಲೆ ಗೊತ್ತಾಯಿತು.

ನಾನು ಡಾಕ್ಟರಲ್ಲ. ಕೊಡಗಿನ ಸಿದ್ದಾಪುರದ ಹತ್ತಿರ ಸ್ವಲ್ಪ ಕಾಫಿ, ಸ್ವಲ್ಪ ಮೆಣಸು ನೋಡಿಕೊಂಡಿರುವವನು. ಆದರೆ ಒಂದು ಸಲ ನನಗಾಗಿ, ಇನ್ನೊಂದು ಸಲ ಆ ಹುಡುಗಿಗಾಗಿ ಆಸ್ಪತ್ರೆ ಸುತ್ತಿ, ಡಾಕ್ಟರುಗಳ ತಲೆ ತಿಂದು, ಸಿಕ್ಕಿದ್ದನ್ನೆಲ್ಲ ಓದಿದ ಮೇಲೆ ಒಂದು ಮಾತು ಗಟ್ಟಿಯಾಗಿ ಹೇಳಬಲ್ಲೆ. ಈ ಕಾಯಿಲೆಗೆ ಇರುವ ಪ್ರತಿ ಚಿಕಿತ್ಸೆಯೂ ನಿಮ್ಮಿಂದ ಏನಾದರೊಂದು ಕೇಳುತ್ತದೆ. ಒಂದು ಹಲ್ಲು ಕೇಳುತ್ತದೆ, ಒಂದು ಮೂಳೆ ಕೇಳುತ್ತದೆ, ಮತ್ತೊಂದು ಎರಡು ವರ್ಷದ ತಾಳ್ಮೆ ಕೇಳುತ್ತದೆ, ಇನ್ನೊಂದು ನಮ್ಮ ಮಳೆಗಾಲದಲ್ಲಿ ವಾರ ವಾರ ಬಸ್ಸು ಹತ್ತು ಅನ್ನುತ್ತದೆ. ಯಾವುದನ್ನು ಕೊಡೋಕೆ ನಿಮ್ಮಿಂದ ಆಗುತ್ತೆ ಅನ್ನೋದರ ಮೇಲೆ ಆಯ್ಕೆ ನಿಂತಿದೆ.

ಮತ್ತೆ, ಇದು ಕ್ಯಾನ್ಸರ್ ಅಲ್ಲ. ಬೇರೆ ಅಂಗಗಳಿಗೆ ಹರಡುವುದಿಲ್ಲ. ‘ಜೈಂಟ್ ಸೆಲ್’ ಅಂದರೆ ಸೂಕ್ಷ್ಮದರ್ಶಕದಲ್ಲಿ ಕಾಣುವ, ಒಂದರಲ್ಲೇ ಹತ್ತಾರು ನ್ಯೂಕ್ಲಿಯಸ್ ಇರುವ ದೊಡ್ಡ ಜೀವಕೋಶಗಳು, ಅಷ್ಟೇ. ಹೆಸರು ಕೇಳಿ ರಾತ್ರಿ ನಿದ್ದೆ ಬಿಟ್ಟವರಲ್ಲಿ ನಾನೂ ಒಬ್ಬ.

ಹೊರಗಿನದ್ದಾ, ಒಳಗಿನದ್ದಾ

ಪೆರಿಫೆರಲ್ ಅಂದರೆ ಒಸಡಿನ ಮೇಲೆ ಬರುವುದು. ಹಲ್ಲನ್ನು ಮೂಳೆಗೆ ಹಿಡಿದಿಡುವ ಪೊರೆಯಿಂದಲೋ ಮೂಳೆಯ ಮೇಲಿನ ಪದರದಿಂದಲೋ ಹುಟ್ಟುತ್ತದೆ. ಹೆಚ್ಚಾಗಿ 2 ಸೆಂಟಿಮೀಟರ್ ದಾಟುವುದಿಲ್ಲ. ಮೇಲಿನ ದವಡೆಗಿಂತ ಕೆಳಗಿನದರಲ್ಲಿ ಜಾಸ್ತಿ, ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಕಾರಣ ಬಹಳ ಸಲ ಯಾವುದೋ ಕಿರಿಕಿರಿ: ಗಟ್ಟಿ ಪಾಚಿ, ಮುರಿದು ಉಳಿದ ಬೇರು, ಸರಿಯಾಗಿ ಕೂರದ ಹಲ್ಲಿನ ಸೆಟ್ಟು. ನನ್ನದು ಕೋರೆಹಲ್ಲಿನ ಪಕ್ಕ ಇತ್ತು, ಬಟಾಣಿಯಷ್ಟು. ನೋವಿರಲಿಲ್ಲ. ಅಕ್ಕಿರೊಟ್ಟಿ ಅಗಿಯುವಾಗ ತಾಗಿ ರಕ್ತ ಬರುತ್ತಿತ್ತು.

ಒಸಡಿನ ಮೇಲೆ ಇದೊಂದೇ ಗಂಟು ಬರೋದಲ್ಲ. ಪಯೋಜೆನಿಕ್ ಗ್ರಾನ್ಯುಲೋಮಾ ಅಂತ ಇನ್ನೊಂದಿದೆ, ಬಸುರಿಯರಲ್ಲಿ ಜಾಸ್ತಿ. ಅದರ ಬಣ್ಣ ಹಣ್ಣಾದ ಕಾಫಿಯ ಹಾಗೆ, ಕಡುಗೆಂಪು. ನಮ್ಮದು ಸ್ವಲ್ಪ ನೇರಳೆ ಹಣ್ಣಿನ ಕಡೆಗೆ, ನೀಲಿ ಬೆರೆತ ಕೆಂಪು. ಆದರೆ ಬಣ್ಣ ನೋಡಿ ತೀರ್ಮಾನ ಮಾಡೋಕೆ ಆಗುವುದಿಲ್ಲ, ಡಾಕ್ಟರಿಗೂ ಆಗುವುದಿಲ್ಲ. ಅದಕ್ಕೇ ಲ್ಯಾಬು ಬೇಕು. ಬಸುರಿಯರ ಗಂಟು ಹೆರಿಗೆ ಆದ ಮೇಲೆ ತಾನೇ ಕುಗ್ಗುವುದುಂಟು, ಹಾಗಾಗಿ ಅಲ್ಲಿ ಕಾಯುವುದೂ ಒಂದು ಆಯ್ಕೆ. ನಮ್ಮದರಲ್ಲಿ ಕಾದು ಪ್ರಯೋಜನ ಇಲ್ಲ.

ಸೆಂಟ್ರಲ್ ಅಂದರೆ ದವಡೆಯ ಮೂಳೆಯ ಒಳಗೇ ಬೆಳೆಯುವುದು. ಹೆಚ್ಚಿನವರು 30 ವರ್ಷಕ್ಕಿಂತ ಚಿಕ್ಕವರು. ಇದೂ ಕೆಳದವಡೆಯಲ್ಲಿ ಜಾಸ್ತಿ, ಅದರಲ್ಲೂ ಮುಂಭಾಗದಲ್ಲಿ. ಕೆಲವು ಸಲ ನಡುಗೆರೆ ದಾಟಿ ಇನ್ನೊಂದು ಕಡೆಗೂ ಹೋಗುತ್ತದೆ. ಹುಡುಗಿಯ ಅಮ್ಮ ಮೊದಲು ಗಮನಿಸಿದ್ದು ಊತವನ್ನಲ್ಲ. ಮಗಳ ಕೆಳಗಿನ ಮುಂದಿನ ಎರಡು ಹಲ್ಲುಗಳ ನಡುವೆ ಸಂದಿ ಬಿಟ್ಟಿತ್ತು, ಆರು ತಿಂಗಳ ಹಿಂದಿನ ಶಾಲೆಯ ಫೋಟೋದಲ್ಲಿ ಆ ಸಂದಿ ಇರಲಿಲ್ಲ.

ಇಲ್ಲೊಂದು ಗೊಂದಲ. ಸ್ಲೈಡಿನ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಹೊರಗಿನದ್ದೋ ಒಳಗಿನದ್ದೋ ಅಂತ ಹೇಳುವುದು ಎಕ್ಸ್‌ರೇ. ಒಸಡಿನ ಗಂಟು ಅಂದುಕೊಂಡಿದ್ದು ಕೆಲವು ಸಲ ಒಳಗಿನ ಗಂಟು ಮೂಳೆ ತೂತು ಮಾಡಿಕೊಂಡು ಹೊರಗೆ ತಲೆ ಹಾಕಿದ್ದೂ ಆಗಿರುತ್ತದೆ. ಹಾಗಾಗಿ ಎಷ್ಟೇ ಸಣ್ಣ ಗಂಟಾದರೂ ಎಕ್ಸ್‌ರೇ ಇಲ್ಲದೆ ಕತ್ತರಿ ಹಾಕಿಸಿಕೊಳ್ಳಬೇಡಿ.

ರಕ್ತ ಪರೀಕ್ಷೆ ಬಿಟ್ಟು ಮುಂದೆ ಹೋಗಬೇಡಿ

ಇದನ್ನು ಹೇಳದೆ ಚಿಕಿತ್ಸೆಯ ಮಾತಿಗೆ ಬಂದರೆ ಮೋಸ ಮಾಡಿದ ಹಾಗೆ. ನಮ್ಮ ಕುತ್ತಿಗೆಯಲ್ಲಿ ಥೈರಾಯ್ಡ್ ಗ್ರಂಥಿಯ ಹಿಂದೆ ಭತ್ತದ ಕಾಳಿನಷ್ಟು ದೊಡ್ಡ ನಾಲ್ಕು ಗ್ರಂಥಿಗಳಿವೆ, ಪ್ಯಾರಾಥೈರಾಯ್ಡ್ ಅಂತ. ಅದರಲ್ಲಿ ಒಂದು ಕೆಟ್ಟು ಹಾರ್ಮೋನ್ ಜಾಸ್ತಿ ಸುರಿಸಿದರೆ ಮೂಳೆಯಿಂದ ಕ್ಯಾಲ್ಸಿಯಂ ಎಳೆದುಕೊಳ್ಳುತ್ತಾ ಹೋಗುತ್ತದೆ, ಆಗ ದವಡೆಯಲ್ಲಿ ಇದೇ ಥರದ ಗಂಟು ಏಳುತ್ತದೆ. ಅದಕ್ಕೆ ಬ್ರೌನ್ ಟ್ಯೂಮರ್ ಅನ್ನುತ್ತಾರೆ. ಕಿಡ್ನಿ ಕಾಯಿಲೆ ಇದ್ದು ಬಹಳ ದಿನದಿಂದ ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲೂ ಬರುತ್ತದೆ. ಬಯಾಪ್ಸಿಯಲ್ಲಿ ಇದಕ್ಕೂ ಜೈಂಟ್ ಸೆಲ್ ಗ್ರಾನ್ಯುಲೋಮಾಗೂ ವ್ಯತ್ಯಾಸ ಕಾಣುವುದಿಲ್ಲ. ಕ್ಯಾಲ್ಸಿಯಂ, ಫಾಸ್ಫರಸ್, ಆಲ್ಕಲೈನ್ ಫಾಸ್ಫಟೇಸ್, ಪಿಟಿಎಚ್ (ಆ ಗ್ರಂಥಿ ಸುರಿಸುವ ಹಾರ್ಮೋನ್), ಈ ನಾಲ್ಕು ರಕ್ತ ಪರೀಕ್ಷೆ ಮಾತ್ರ ಹೇಳುತ್ತವೆ. ಬ್ರೌನ್ ಟ್ಯೂಮರ್ ಆಗಿದ್ದರೆ ದವಡೆಯನ್ನು ಕೆರೆದು ಏನೂ ಸುಖವಿಲ್ಲ. ಕುತ್ತಿಗೆಯ ಗ್ರಂಥಿ ಸರಿಮಾಡಿದರೆ ದವಡೆಯ ಗಂಟು ಸಾಮಾನ್ಯವಾಗಿ ತಾನೇ ಕುಗ್ಗುತ್ತದೆ.

ಇದಕ್ಕೆ ಮೈಸೂರಿಗೆ ಓಡಬೇಕಿಲ್ಲ. ಇಲ್ಲೇ ಪೇಟೆಯ ಲ್ಯಾಬಿನಲ್ಲಿ ರಕ್ತ ಕೊಟ್ಟರೆ, ಅವರಲ್ಲಿ ಮಾಡದ ಪರೀಕ್ಷೆಯನ್ನು ಹೊರಗೆ ಕಳಿಸಿ ಮಾಡಿಸುತ್ತಾರೆ. ಚಿಕ್ಕ ಮಕ್ಕಳಿಗೆ ಎರಡೂ ಕಡೆ ಕೆನ್ನೆ ಸಮನಾಗಿ ಊದಿದ್ದರೆ ಚೆರುಬಿಸಂ ಅನ್ನುವ ವಂಶದಲ್ಲಿ ಹರಿದು ಬರುವ ತೊಂದರೆ ಇದೆಯಾ ಅಂತಲೂ ಕೇಳಿ. ಅದು ಪ್ರಾಯಕ್ಕೆ ಬಂದ ಮೇಲೆ ಬಹಳಷ್ಟು ತಾನೇ ಇಳಿಯುತ್ತದೆ. ಸುಮ್ನೆ ಆತುರಪಟ್ಟು ಕತ್ತರಿಸಿಕೊಳ್ಳುವುದು ತಪ್ಪುತ್ತದೆ.

ಒಸಡಿನದ್ದಾದರೆ

ಇಲ್ಲಿ ಆಯ್ಕೆ ಕಡಿಮೆ, ಮತ್ತು ಅದು ಒಳ್ಳೆಯದೇ. ತೆಗೆಯಬೇಕು. ಬ್ಲೇಡಾ, ಲೇಸರಾ, ಕರೆಂಟಿನಲ್ಲಿ ಸುಡುವುದಾ ಅಂತ ಜನ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಬುಡದವರೆಗೂ ತೆಗೆದು ಕೆಳಗಿನ ಮೂಳೆಯನ್ನು ಚೊಕ್ಕ ಮಾಡುತ್ತಾರಾ ಅನ್ನೋದು ಮೊದಲ ಪ್ರಶ್ನೆ. ನನ್ನ ಮೊದಲ ಸಲದ್ದು ಕಳೆ ಕೊಯ್ದ ಹಾಗೆ ಆಯಿತು. ಮೇಲಿನದು ಹೋಯಿತು, ಬೇರು ಅಲ್ಲೇ ಇತ್ತು. ಸರಿಯಾಗಿ ತೆಗೆದರೂ ನೂರಕ್ಕೆ 10ರ ಆಸುಪಾಸು ಜನರಲ್ಲಿ ಮರಳಿ ಬರುತ್ತದೆ ಅಂತ ಪಠ್ಯಪುಸ್ತಕಗಳು ಹೇಳುತ್ತವೆ, ಅರೆಬರೆ ತೆಗೆದರೆ ಇನ್ನು ಕೇಳೋದೇ ಬೇಡ.

ಲೇಸರಿನಲ್ಲಿ ರಕ್ತ ಕಡಿಮೆ, ಹೊಲಿಗೆಯೂ ಬಹಳ ಸಲ ಬೇಡ. ರಕ್ತ ತೆಳ್ಳಗೆ ಮಾಡುವ ಮಾತ್ರೆ ನುಂಗುವವರಿಗೆ ಇದು ವಾಸಿ. ಆದರೆ ಗಂಟು ಕಡಲೆಕಾಳಿನಷ್ಟೇ ಇದ್ದರೆ ಅಂಚು ಸುಟ್ಟುಹೋಗಿ ಲ್ಯಾಬಿನವರಿಗೆ ಓದುವುದು ಕಷ್ಟ. ಬ್ಲೇಡಿನ ತುಂಡು ಚೊಕ್ಕವಾಗಿರುತ್ತದೆ. ರಿಪೋರ್ಟು ಇನ್ನೂ ಬಂದಿಲ್ಲ, ಇದೇ ಮೊದಲ ಸಲ ಅಂದರೆ ನಾನು ಬ್ಲೇಡು ಅನ್ನುತ್ತೇನೆ.

ಪಕ್ಕದ ಹಲ್ಲು ಕೀಳಬೇಕಾ? ಅಲ್ಲಾಡುತ್ತಿದ್ದರೆ, ಸುತ್ತ ಮೂಳೆ ಕರಗಿದ್ದರೆ, ಅಥವಾ ಎರಡು ಮೂರು ಸಲ ಅದೇ ಜಾಗದಲ್ಲಿ ಮರಳಿದ್ದರೆ ಕೀಳಿಸುವ ಮಾತು ಬರುತ್ತದೆ. ಮೊದಲ ಸಲಕ್ಕೇ ಗಟ್ಟಿ ಹಲ್ಲು ಕೀಳಬೇಕು ಅಂದರೆ ಇನ್ನೊಬ್ಬರ ಅಭಿಪ್ರಾಯ ತಗೊಳ್ಳಿ. ನನ್ನ ಕೋರೆಹಲ್ಲು ಈಗಲೂ ಇದೆ, ಒಸಡು ಮಾತ್ರ ಸ್ವಲ್ಪ ಕೆಳಗೆ ಇಳಿದು ಹಲ್ಲು ಉದ್ದ ಕಾಣುತ್ತದೆ. ಜೊತೆಗೆ ಹಲ್ಲು ಕ್ಲೀನ್ ಮಾಡಿಸಲೇಬೇಕು, ಕಿರಿಕಿರಿ ಮಾಡುವ ಸೆಟ್ಟು ಸರಿಮಾಡಿಸಲೇಬೇಕು. ಇಂಪ್ಲಾಂಟ್ ಹಾಕಿದ ಜಾಗದಲ್ಲೂ ಈ ಗಂಟು ಏಳುವುದುಂಟು, ಅಲ್ಲಿ ಹಟ ಸ್ವಲ್ಪ ಜಾಸ್ತಿ.

ತುಂಡಿನ ವಿಚಾರ. ನನಗೆ ಗೋಣಿಕೊಪ್ಪದಲ್ಲಿ ಒಂದು ಸಣ್ಣ ಡಬ್ಬಿ ಕೊಟ್ಟು ಮೈಸೂರಿನ ಲ್ಯಾಬಿಗೆ ನೀವೇ ಒಯ್ಯಿರಿ ಅಂದರು. ತುಂಡು ಕೆಡದ ಹಾಗೆ ಇಡುವ ಫಾರ್ಮಲಿನ್ ದ್ರವದೊಳಗೆ ಆ ನೇರಳೆ ಬಣ್ಣದ್ದು ಆಗಲೇ ಬೂದು ಬಣ್ಣಕ್ಕೆ ತಿರುಗಿತ್ತು. ಜೇಬಿನಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಹೋದೆ, ತಿತಿಮತಿ ದಾಟುವವರೆಗೂ ಮುಚ್ಚಳ ಸಡಿಲ ಆಗಿದೆಯಾ ಅಂತ ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ನಿಮಗೂ ಹಾಗೆ ಕೊಟ್ಟರೆ ಒಂದೇ ಕೇಳಿ: ಇದು ಫಾರ್ಮಲಿನ್ ತಾನೇ? ಸ್ಪಿರಿಟ್ಟು, ಸಲೈನು, ನೀರು ಆಗಿದ್ದರೆ ತುಂಡು ಹಾಳು. ಡಬ್ಬಿಯ ಮೇಲೆ ಹೆಸರು, ತಾರೀಖು, ಬಾಯಿಯ ಯಾವ ಜಾಗದ್ದು ಅಂತ ಬರೆಸಿಕೊಳ್ಳಿ.

(ನಮ್ಮ ಕಡೆ ಯಾರಾದರೊಬ್ಬರು ಸುಣ್ಣ ಹಚ್ಚು, ಲವಂಗದ ಎಣ್ಣೆ ಹಚ್ಚು ಅಂದೇ ಅನ್ನುತ್ತಾರೆ. ನನಗೆ ಒಬ್ಬರು ಕಾಚಂಪುಳಿ, ಅಂದರೆ ನಮ್ಮ ಕೊಡಗಿನ ಕಪ್ಪು ಹುಳಿ, ತಿಕ್ಕು ಅಂದರು. ಕಾಚಂಪುಳಿ ಪಂದಿಕರಿಗೆ ಇರಲಿ.)

ದವಡೆಯೊಳಗಿನದ್ದಾದರೆ

ಇಲ್ಲಿ ನಿಜವಾದ ಆಯ್ಕೆ ಶುರುವಾಗುತ್ತದೆ. 1953ರಲ್ಲಿ ಜಾಫೆ ಎಂಬ ಅಮೆರಿಕದ ಪೆಥಾಲಜಿಸ್ಟ್ ಇದಕ್ಕೆ ಹೆಸರಿಟ್ಟಾಗ ‘ರಿಪೇರೇಟಿವ್’ ಅನ್ನುವ ಪದ ಸೇರಿಸಿದ್ದರು, ಏಟು ಬಿದ್ದ ಮೂಳೆ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುವ ಗಂಟು ಅನ್ನುವ ಅರ್ಥದಲ್ಲಿ. ಕೆಲವು ಗಂಟುಗಳು ರಿಪೇರಿ ಬಿಟ್ಟು ಮೂಳೆ ತಿನ್ನುವುದನ್ನೇ ಮಾಡುತ್ತವೆ ಅಂತ ಗೊತ್ತಾಗಿ ಆ ಪದ ಈಗ ಬಿಟ್ಟುಹೋಗಿದೆ. 1986ರಿಂದ ಡಾಕ್ಟರುಗಳು ಇದನ್ನು ಸಾಧು, ಜೋರು ಅಂತ ಎರಡು ಥರ ವಿಂಗಡಿಸುತ್ತಾ ಬಂದಿದ್ದಾರೆ. 5 ಸೆಂಟಿಮೀಟರ್‌ಗಿಂತ ದೊಡ್ಡದು, ಬೇಗ ಬೇಗ ಬೆಳೆದದ್ದು, ನೋವು ಇರುವುದು, ಹಲ್ಲಿನ ಬೇರು ಕರಗಿಸಿದ್ದು, ಮೂಳೆ ತೂತು ಮಾಡಿದ್ದು, ಒಂದು ಸಲ ಕೆರೆದ ಮೇಲೂ ಮರಳಿದ್ದು, ಇವು ಜೋರಿನ ಗುರುತು. ನಿಮ್ಮ ಡಾಕ್ಟರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದೇ: ನಮ್ಮದು ಸಾಧುವಾ, ಜೋರಾ? ಉತ್ತರಕ್ಕೆ ಇಡೀ ದವಡೆ ಒಂದೇ ಫಿಲ್ಮಿನಲ್ಲಿ ಕಾಣುವ ಓಪಿಜಿ ಎಕ್ಸ್‌ರೇ ಜೊತೆ ಒಂದು ಸಿಟಿ ಸ್ಕ್ಯಾನ್ ಬೇಕಾಗುತ್ತದೆ.

ಸಾಧು ಆಗಿದ್ದರೆ ಕೆರೆದು ತೆಗೆಯುವುದು, ಅಂದರೆ ಕ್ಯೂರೆಟಾಜ್, ಹಳೆಯ ನೇರ ದಾರಿ. ಒಂದೇ ದಿನ, ಒಂದು ಅನಸ್ತೇಶಿಯಾ, ಒಂದೋ ಎರಡೋ ದಿನ ವಾರ್ಡು. ತುಂಡು ಪೂರ್ತಿ ಲ್ಯಾಬಿಗೆ ಸಿಗುತ್ತದೆ. ದೂರದವರಿಗೆ, ಪದೇ ಪದೇ ಬರೋಕೆ ಆಗದವರಿಗೆ ಇದೇ ಸರಿ. ತೆರಬೇಕಾದದ್ದು? ಗಂಟಿನೊಳಗೆ ಬೇರು ಚಾಚಿದ ಹಲ್ಲುಗಳು ಹೋಗಬಹುದು, ಇಲ್ಲವೇ ರೂಟ್ ಕೆನಾಲ್ ಬೇಕಾಗಬಹುದು. ಕೆಳತುಟಿ ಕೆಲವು ತಿಂಗಳು ಜೋಮು ಹಿಡಿಯಬಹುದು. ಮರಳಿ ಬರುವುದು ಸಾಧು ಗಂಟುಗಳಲ್ಲಿ ನೂರಕ್ಕೆ 15ರಿಂದ 20, ಜೋರಿನವಲ್ಲಿ 70ರವರೆಗೂ ಹೋದ ಲೆಕ್ಕವಿದೆ. ಹಾಗಾಗಿ ಜೋರಾದದ್ದಕ್ಕೆ ಬರೀ ಕೆರೆದು ಬಿಡುವುದು ನನಗೆ ಒಪ್ಪಿಗೆಯಿಲ್ಲ.

ಎರಡನೆಯದು ಗಂಟಿನೊಳಗೆ ಸ್ಟೀರಾಯ್ಡ್ ಇಂಜೆಕ್ಷನ್. ನಮ್ಮ ಹುಡುಗಿಗೆ ಇದನ್ನೇ ಆರಿಸಿದ್ದು. ಅವಳದು 3 ಸೆಂಟಿಮೀಟರ್, ಬೇರು ಕರಗಿರಲಿಲ್ಲ, ಮೂಳೆ ತೆಳ್ಳಗಾಗಿತ್ತು ಆದರೆ ತೂತಾಗಿರಲಿಲ್ಲ. ಕೆರೆದರೆ ಮುಂದಿನ ನಾಲ್ಕು ಹಲ್ಲು ಅನುಮಾನ ಅಂದರು. 14 ವರ್ಷಕ್ಕೆ ನಾಲ್ಕು ಹಲ್ಲು! ಟ್ರಯಾಮ್‌ಸಿನಲೋನ್ ಅನ್ನುವ ಔಷಧಿಯನ್ನು ಮರಗಟ್ಟಿಸುವ ಮದ್ದಿನ ಜೊತೆ ಸಮಸಮ ಬೆರೆಸಿ, ಗಂಟಿನ ಪ್ರತಿ ಸೆಂಟಿಮೀಟರಿಗೆ ಸುಮಾರು 1 ಎಂಎಲ್ ಲೆಕ್ಕದಲ್ಲಿ, ವಾರಕ್ಕೊಂದು ಸಲ, ಆರು ವಾರ. ಔಷಧಿ ತೆಂಗಿನಹಾಲಿನ ಹಾಗೆ ಬೆಳ್ಳಗೆ, ಇಟ್ಟರೆ ಅಡಿಗೆ ಕೂರುತ್ತದೆ, ನರ್ಸ್ ಪ್ರತಿ ಸಲ ಬಾಟಲಿ ಕುಲುಕಿಯೇ ಎಳೆಯುತ್ತಿದ್ದರು. ತೆಳ್ಳಗಾದ ಮೂಳೆಯ ಮೂಲಕವೇ ಸೂಜಿ ಒಳಗೆ ಹೋಗುತ್ತದೆ. ಸೂಜಿಗಿಂತ ಔಷಧಿ ತುಂಬುವಾಗಿನ ಒತ್ತಡವೇ ಕಷ್ಟ ಅಂತ ಅವಳು ಹೇಳಿದಳು. ಕಣ್ಣು ಮುಚ್ಚಿ ಎಣಿಸುತ್ತಿದ್ದಳು, ಮೂವತ್ತಕ್ಕೆ ಮುಗಿಯುತ್ತಿತ್ತು.

ಹಲ್ಲು ಉಳಿಯುತ್ತದೆ, ಮುಖದ ಆಕಾರ ಉಳಿಯುತ್ತದೆ, ವಾರ್ಡು ಬೇಡ, ಖರ್ಚೂ ಕಡಿಮೆ. ಆದರೆ ಎಲ್ಲರಿಗೂ ಫಲಿಸುವುದಿಲ್ಲ. ಸಕ್ಕರೆ ಕಾಯಿಲೆ, ಕ್ಷಯ, ಹೊಟ್ಟೆ ಹುಣ್ಣು, ಬಾಯಲ್ಲಿ ಕೀವು ಇದ್ದರೆ ಮೊದಲೇ ಹೇಳಬೇಕು. ಮತ್ತೆ ಆರು ವಾರ ಅಂದರೆ ಆರು ವಾರ. ನಾವು ಶುರುಮಾಡಿದ್ದು ಜೂನ್‌ನಲ್ಲಿ, ಬುದ್ಧಿ ಇಲ್ಲದೆ. ನಾಲ್ಕನೇ ವಾರ ಅಮ್ಮತ್ತಿ ದಾಟಿದ ಮೇಲೆ ರಸ್ತೆಗೆ ಅಡ್ಡ ಮರ ಬಿದ್ದು ಎರಡು ಗಂಟೆ ಬಸ್ಸಿನಲ್ಲೇ ಕೂತಿದ್ದೆವು, ಕೊನೆಗೆ ಯಾರದೋ ಜೀಪಿನಲ್ಲಿ ಸುತ್ತು ಹಾಕಿಕೊಂಡು ವಿರಾಜಪೇಟೆ ಮುಟ್ಟಿದೆವು. ಗಂಟು ಅವಸರ ಮಾಡುತ್ತಿಲ್ಲ ಅಂದರೆ, ಡಾಕ್ಟರು ಒಪ್ಪಿದರೆ, ಮಳೆ ಇಳಿದ ಮೇಲೆ ಶುರುಮಾಡಿ.

ಮೂರನೆಯದು ಕ್ಯಾಲ್ಸಿಟೋನಿನ್, ಮೂಳೆ ಕರಗುವುದನ್ನು ತಡೆಯುವ ಹಾರ್ಮೋನ್ ಔಷಧಿ, 1993ರಿಂದ ಇದಕ್ಕೆ ಬಳಕೆಯಲ್ಲಿದೆ. ಚರ್ಮದ ಕೆಳಗೆ ಇಂಜೆಕ್ಷನ್ ಅಥವಾ ಮೂಗಿಗೆ ಸ್ಪ್ರೇ, ದಿನಾ, ಒಂದೂವರೆ ಎರಡು ವರ್ಷ. ಮೊದಲ ಕೆಲವು ತಿಂಗಳು ಏನೂ ಬದಲಾವಣೆ ಕಾಣದೆ ಜನ ಬಿಟ್ಟುಬಿಡುತ್ತಾರೆ. ಬಹಳ ದಿನ ಬಳಸಿದವರಲ್ಲಿ ಕ್ಯಾನ್ಸರ್ ಸ್ವಲ್ಪ ಜಾಸ್ತಿ ಕಂಡಿತು ಅಂತ ಯುರೋಪಿನ ಔಷಧ ಮಂಡಳಿ 2012ರಲ್ಲಿ ಮೂಳೆ ಸವೆತಕ್ಕೆ ಇದನ್ನು ಕೊಡಬೇಡಿ ಅಂದಿತು. ಜೊತೆಗೆ ಫ್ರಿಜ್ಜಿನಲ್ಲಿ ಇಡಬೇಕಾದ ಔಷಧಿ. ಮಳೆಗಾಲದಲ್ಲಿ ಮೂರು ದಿನ ಕರೆಂಟು ಹೋಗುವ ಊರಿನಲ್ಲಿ ಫ್ರಿಜ್ಜು ನಂಬಿ ಎರಡು ವರ್ಷದ ಚಿಕಿತ್ಸೆ ಹಿಡಿಯುವುದು ಹೇಗೆ ಅಂತ ನೀವೇ ಯೋಚಿಸಿ. ಇಂಟರ್‌ಫೆರಾನ್ ಅಂತ ಇನ್ನೊಂದಿದೆ, ಕೆರೆದ ಮೇಲೆ ಜೊತೆಗೆ ಕೊಡುವುದು, ಜ್ವರ ಮೈಕೈ ನೋವು ಬಿಡುವುದಿಲ್ಲ. ಅದರ ಸುದ್ದಿ ಇಲ್ಲಿಗೆ ಸಾಕು.

ಡೆನೋಸುಮಾಬ್ ಹೊಸದು. ಮೂಳೆ ತಿನ್ನುವ ಕೋಶಗಳು ತಯಾರಾಗುವುದನ್ನೇ ತಡೆಯುವ ಇಂಜೆಕ್ಷನ್. ಕೈಕಾಲು ಮೂಳೆಯ ಜೈಂಟ್ ಸೆಲ್ ಟ್ಯೂಮರಿಗೆ ಅಮೆರಿಕದಲ್ಲಿ 2013ರಲ್ಲಿ ಒಪ್ಪಿಗೆ ಸಿಕ್ಕಿತು, ದವಡೆಯದ್ದಕ್ಕೆ ಡಾಕ್ಟರುಗಳು ತಮ್ಮ ವಿವೇಚನೆಯಿಂದ ಕೊಡುತ್ತಾರೆ. ಜೋರಾದ ಗಂಟಿಗೆ, ಕತ್ತರಿಸಿದರೆ ಅರ್ಧ ದವಡೆಯೇ ಹೋಗುತ್ತದೆ ಅನ್ನುವವರಿಗೆ ಇದೊಂದು ನಿಜವಾದ ದಾರಿ. ಕೊಡುತ್ತಾ ಇರುವವರೆಗೆ ಗಂಟು ಗಟ್ಟಿ ಮೂಳೆಯಾಗುತ್ತಾ ಬರುತ್ತದೆ. ನಿಲ್ಲಿಸಿದ ಮೇಲೆ ಮರಳುವುದುಂಟು. ರಕ್ತದ ಕ್ಯಾಲ್ಸಿಯಂ ಇಳಿಯುತ್ತದೆ, ಬೆಳೆಯುವ ಮಕ್ಕಳಲ್ಲಿ ಔಷಧಿ ನಿಲ್ಲಿಸಿದ ಕೆಲವು ತಿಂಗಳಿಗೆ ಉಲ್ಟಾ ಒಮ್ಮೆಲೇ ಏರಿ ವಾಂತಿ, ಸುಸ್ತು ಬರಬಹುದು. ಬಸುರಿಯರಿಗೆ ಕೊಡುವಂತಿಲ್ಲ. ಹುಳುಕು ಹಲ್ಲು ಇದ್ದರೆ ಶುರುಮಾಡುವ ಮೊದಲೇ ಸರಿಮಾಡಿಸಿ, ಕೀಳಲೇಬೇಕಾದದ್ದನ್ನು ಕೀಳಿಸಿ ಮುಗಿಸಬೇಕು, ಯಾಕೆಂದರೆ ಈ ಔಷಧಿ ಮೈಯಲ್ಲಿರುವಾಗ ಹಲ್ಲು ಕಿತ್ತರೆ ಆ ಜಾಗದ ಮೂಳೆ ವಾಸಿಯಾಗದೆ ಸತ್ತುಹೋಗಬಹುದು. ಮಕ್ಕಳಿಗಾದರೆ ಹಾರ್ಮೋನ್ ಡಾಕ್ಟರು ಜೊತೆಗಿಲ್ಲದ ಕಡೆ ಇದಕ್ಕೆ ಕೈ ಹಾಕಬೇಡಿ.

ಕೊನೆಯದು ದವಡೆಯ ಭಾಗವನ್ನೇ ಕತ್ತರಿಸಿ ತೆಗೆದು, ಪ್ಲೇಟು ಹಾಕಿ, ಕಾಲಿನ ಫಿಬುಲಾ ಮೂಳೆಯಿಂದಲೋ ಸೊಂಟದ ಮೂಳೆಯಿಂದಲೋ ಮತ್ತೆ ಕಟ್ಟುವುದು. ಮರಳಿ ಬರುವ ಸಾಧ್ಯತೆ ಇದರಲ್ಲೇ ಅತಿ ಕಡಿಮೆ. ಆದರೆ ಹಲ್ಲು, ತುಟಿಯ ಸ್ಪರ್ಶ, ಮುಖದ ಅಳತೆ ಎಲ್ಲ ಪಣಕ್ಕೆ. ಜೋರಾದದ್ದು, ಮರಳಿ ಮರಳಿ ಬಂದದ್ದು, ಔಷಧಿಗೆ ಬಗ್ಗದ್ದು ಆಗಿದ್ದರೆ ಸರಿ. ಮೊದಲ ಭೇಟಿಯಲ್ಲೇ ಇದನ್ನು ಹೇಳಿದರೆ, ಯಾಕೆ ಅಂತ ಕೂತು ಕೇಳಿ. ಕಿರಣ ಚಿಕಿತ್ಸೆ ಮಾತ್ರ ಯಾರು ಹೇಳಿದರೂ ಬೇಡ, ಸಾಧು ಗಂಟಿಗೆ ರೇಡಿಯೇಶನ್ ಕೊಟ್ಟರೆ ಮುಂದೆ ಕೆಟ್ಟದ್ದಕ್ಕೆ ತಿರುಗುವ ಅಪಾಯವಿದೆ.

ಎಲ್ಲಿ ಮಾಡಿಸೋದು

ವಿರಾಜಪೇಟೆಯ ಮಗ್ಗುಲದಲ್ಲಿ ಕೊಡಗು ದಂತ ಮಹಾವಿದ್ಯಾಲಯವಿದೆ. ಒಸಡಿನ ಗಂಟಿಗೆ, ಬಯಾಪ್ಸಿಗೆ, ಮೊದಲ ಎಕ್ಸ್‌ರೇಗೆ ಕೊಡಗು ದಾಟುವ ಅಗತ್ಯವಿಲ್ಲ. ರಕ್ತ ಪರೀಕ್ಷೆಯಲ್ಲಿ ಏನಾದರೂ ಸಿಕ್ಕಿದರೆ ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯಿಂದ ಶುರುಮಾಡಬಹುದು, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೈಯಲ್ಲಿದ್ದರೆ ಆರೋಗ್ಯ ಕರ್ನಾಟಕ ಕಾರ್ಡಿನ ವಿಚಾರ ಮುಂದೆ ಕೇಳುವುದಕ್ಕೂ ಅನುಕೂಲ. ಜೋರಾದ ದವಡೆ ಗಂಟಿಗೆ ಮಾತ್ರ ಮೈಸೂರು, ಮಂಗಳೂರು, ಬೆಂಗಳೂರಿನ ದೊಡ್ಡ ಆಸ್ಪತ್ರೆಯೇ ಬೇಕು, ದವಡೆ ಸರ್ಜನ್ನು, ಹಾರ್ಮೋನ್ ಡಾಕ್ಟರು, ಪ್ಲಾಸ್ಟಿಕ್ ಸರ್ಜನ್ನು ಒಂದೇ ಸೂರಿನಡಿ ಇರುವ ಕಡೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಮಂಗಳೂರು ಅದಕ್ಕಿಂತ ಸ್ವಲ್ಪ ಜಾಸ್ತಿ. ಮಳೆಗಾಲದಲ್ಲಿ ಸಂಪಾಜೆ ಘಾಟಿ ನಂಬಿ ಅಪಾಯಿಂಟ್‌ಮೆಂಟ್ ಇಟ್ಟುಕೊಳ್ಳಬೇಡಿ, 2018ರಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದ್ದು ನೆನಪಿದೆಯಲ್ಲ.

ಹುಡುಗಿಯ ಕತೆ ಕೇಳಿದರೆ, ಆರನೇ ಇಂಜೆಕ್ಷನ್ ಆಗಿ ಮೂರು ತಿಂಗಳಿಗೆ ತೆಗೆದ ಓಪಿಜಿಯಲ್ಲಿ ಕಪ್ಪು ಜಾಗದ ಅಂಚು ಬೆಳ್ಳಗಾಗಿತ್ತು. ಪೂರ್ತಿ ಹೋಗಿರಲಿಲ್ಲ. ಉಳಿದ ಸಣ್ಣ ಭಾಗವನ್ನು ಡಿಸೆಂಬರಿನಲ್ಲಿ ಕೆರೆದರು, ತೋಟದಲ್ಲಿ ಕಾಫಿ ಕೊಯ್ಲು ನಡೆಯುತ್ತಿದ್ದ ಹೊತ್ತು, ಅವಳಪ್ಪನಿಗೆ ಎರಡು ದಿನ ರಜೆ ಕೊಡಿಸುವುದೇ ದೊಡ್ಡ ಕೆಲಸವಾಗಿತ್ತು. ಒಂದು ಹಲ್ಲಿಗೆ ರೂಟ್ ಕೆನಾಲ್ ಆಯಿತು. ನಾಲ್ಕೂ ಹಲ್ಲು ಇವೆ.

ಈಗ ಆರು ತಿಂಗಳಿಗೊಮ್ಮೆ ಎಕ್ಸ್‌ರೇ. ಮರಳಿ ಬರುವುದಾದರೆ ಹೆಚ್ಚಾಗಿ ಮೊದಲ ಎರಡು ಮೂರು ವರ್ಷದೊಳಗೆ ಬರುತ್ತದೆ, ಹಾಗಾಗಿ ಹಳೆಯ ಫಿಲ್ಮಿನ ಪಕ್ಕ ಹೊಸದನ್ನು ಇಟ್ಟು ನೋಡಲೇಬೇಕು. ನನ್ನ ಮೊದಲ ಫಿಲ್ಮನ್ನು ಬೀರುವಿನ ಮೇಲೆ ಇಟ್ಟಿದ್ದೆ. ಆಗಸ್ಟ್ ಮುಗಿಯುವಷ್ಟರಲ್ಲಿ ಕವರಿಗೆ ಅಂಟಿಕೊಂಡು ಬೂಷ್ಟು ಹಿಡಿದು, ಹಲ್ಲು ಯಾವುದು ಬೂಷ್ಟು ಯಾವುದು ಗೊತ್ತಾಗದ ಹಾಗೆ ಆಗಿತ್ತು. ಅವರ ಮನೆಯಲ್ಲಿ ಈಗ ಫಿಲ್ಮುಗಳನ್ನು ಅಕ್ಕಿ ಡಬ್ಬದಲ್ಲಿ ಇಡುತ್ತಾರೆ, ಒಂದು ಪ್ರತಿಯನ್ನು ಎಕ್ಸ್‌ರೇ ರೂಮಿನವರ ಹತ್ತಿರ ಮೊಬೈಲಿಗೂ ಹಾಕಿಸಿಕೊಂಡಿದ್ದಾರೆ.